ಕೀರ್ದಿ ಪುಸ್ತಕದಿಂದ ಟೆಕ್ಸ್ಟ್ ಫೈಲಿನವರೆಗೆ

ಸಾಂತಾಕ್ರೂಜ್ ಪೂರ್ವದಲ್ಲಿ ಕನ್ನಡದ ಕಾರ್ಯಕ್ರಮಗಳಿಗೆ ಬರವಿಲ್ಲ. ಬಿಲ್ಲವ ಭವನದಲ್ಲಿ ಸಮಾರಂಭ, ಪೇಜಾವರ ಮಠದಲ್ಲಿ ಪೂಜೆ-ಪ್ರವಚನ, ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿಚಾರ ಸಂಕಿರಣ, ಹೀಗೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಸಂಘ-ಸಂಸ್ಥೆಗಳ ಕಾರ್ಯಕ್ರಮವಾದರೆ ಹಿಂದೆ ನಿಂತು ದುಡಿಯುವವರು ಸಂಬಳವಿಲ್ಲದ ಕಾರ್ಯದರ್ಶಿಗಳು. ಹಗಲು ಬ್ಯಾಂಕು, ಹೋಟೆಲು, ಆಫೀಸು. ಸಂಜೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಫೋನು. ಹಾಲ್ ಬುಕ್ ಆಯಿತೇ, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರೂ ಬಿಟ್ಟುಹೋಗಿಲ್ಲವಷ್ಟೆ, ಊರಿನಿಂದ ಬರುವ ಭಾಗವತರಿಗೆ ರೈಲು ಟಿಕೆಟ್ ಸಿಕ್ಕಿತೇ, ಊಟಕ್ಕೆ ಎಷ್ಟು ಜನ, ಶಾಲು-ಹಾರ ಯಾರ ಹೊಣೆ? ಇಷ್ಟೆಲ್ಲ ಒಂದು ತಲೆಯಲ್ಲಿ ನಿಲ್ಲುವುದಿಲ್ಲ, ಎಲ್ಲಾದರೂ ಬರೆದಿಡಲೇಬೇಕು. ಆ ‘ಎಲ್ಲಿ’ ಎಂಬುದಕ್ಕೆ ಸಾಕಷ್ಟು ಉದ್ದದ ಚರಿತ್ರೆಯಿದೆ. ಸದ್ಯ ಅದು ಬಂದು ನಿಂತಿರುವುದು ಅಲಂಕಾರವೇ ಇಲ್ಲದ ಸಾದಾ ಟೆಕ್ಸ್ಟ್ ಫೈಲಿನ ಬಳಿ. ಹೊಸ ಶೋಧವೆಂಬಂತೆ ಇದರ ಬಗ್ಗೆ ಮಾತಾಡುವವರಿದ್ದಾರೆ. ನನ್ನ ಮಟ್ಟಿಗೆ ಇದು ನಮ್ಮ ಹಿರಿಯರ ಕ್ರಮವೇ, ಕಂಪ್ಯೂಟರಿಗೆ ಬಂದಿದೆ ಅಷ್ಟೆ. ಬರುವ ದಾರಿಯಲ್ಲಿ ಕನ್ನಡಕ್ಕೆ ಮಾತ್ರ ಬೇರೆಯೇ ಒಂದು ಅಡ್ಡಿಯಿತ್ತು.

ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಕನ್ನಡನಾಡಿನ ಮಠ, ಅಂಗಡಿ, ಶಾನುಭೋಗರ ಮನೆಗಳಲ್ಲಿ ಕಡತ ಬಳಕೆಯಲ್ಲಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸುತ್ತ ಹೋದರೆ ಕಪ್ಪು ಪುಸ್ತಕವೊಂದು ಸಿದ್ಧ. ಬಳಪದಿಂದ ಬರೆಯುವುದು, ಲೆಕ್ಕ ತೀರಿದರೆ ಒರೆಸಿ, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತು. ತಿದ್ದಬಹುದಾದ, ಮಡಿಸಿ ಒಯ್ಯಬಹುದಾದ, ಓದು ಬಂದವರೆಲ್ಲ ಓದಬಹುದಾದ ದಾಖಲೆ ಅದು. ಬರೆದವನೇ ಪಕ್ಕದಲ್ಲಿ ಕೂತು ವಿವರಿಸಬೇಕಾಗಿರಲಿಲ್ಲ.

ಆಮೇಲೆ ಬಂದದ್ದು ಕೀರ್ದಿ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು ಹೋಟೆಲ್ ಇಟ್ಟವರಿಗೆ ರೋಜುಕೀರ್ದಿ ಮತ್ತು ಖಾತೆ ಪುಸ್ತಕ ಗಲ್ಲಾಪೆಟ್ಟಿಗೆಯಷ್ಟೇ ಮುಖ್ಯ. ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ್ದು 1942ರಲ್ಲಿ. ಆ ತಲೆಮಾರಿನ ಹೋಟೆಲುಗಳ ಲೆಕ್ಕವೆಲ್ಲ ಉದ್ದನೆಯ ಪುಸ್ತಕಗಳಲ್ಲಿ ನಡೆಯಿತು. ಕೀರ್ದಿಯ ಕ್ರಮ ಸರಳ: ನಡೆದದ್ದನ್ನು ನಡೆದ ಅನುಕ್ರಮದಲ್ಲಿ ಒಂದೊಂದು ಸಾಲಾಗಿ ಬರೆಯುವುದು. ತಾರೀಕು, ಹೆಸರು, ಬಾಬ್ತು, ಮೊತ್ತ. ನಂತರ ಅದನ್ನು ಆಯಾ ಖಾತೆಗೆ ಎತ್ತಿ ಬರೆಯುವುದು. ಮೊದಲು ಎಲ್ಲವನ್ನೂ ಒಂದೇ ಕಡೆ ಇಳಿಸು, ವಿಂಗಡಣೆ ಆಮೇಲೆ. ಅಮೆರಿಕದ ಡೇವಿಡ್ ಅಲೆನ್ 2001ರಲ್ಲಿ ಹೊರತಂದ ‘ಗೆಟಿಂಗ್ ಥಿಂಗ್ಸ್ ಡನ್’ ಲಕ್ಷಾಂತರ ಜನರಿಗೆ ಕಲಿಸಿದ ಪಾಠದ ಮೊದಲ ಹೆಜ್ಜೆಗಳೂ ಇವೇ: ತಲೆಯಲ್ಲಿರುವುದನ್ನೆಲ್ಲ ಕಾಗದಕ್ಕೆ ಇಳಿಸಿ, ಆಮೇಲೆ ಪ್ರತಿಯೊಂದಕ್ಕೂ ಮುಂದಿನ ಹೆಜ್ಜೆ ಏನೆಂದು ನಿರ್ಧರಿಸಿ. ಗಲ್ಲಾದಲ್ಲಿ ಕೂತ ನಮ್ಮ ಶೆಟ್ಟರೂ ಕಾಮತರೂ ಆ ಪುಸ್ತಕ ಓದದೆಯೇ ಮೊದಲರ್ಧವನ್ನು ಪಾಲಿಸುತ್ತಿದ್ದರು. ಉಳಿದರ್ಧದ ಬಗ್ಗೆ ಭರವಸೆ ಕೊಡಲಾರೆ.

ಮುಂಬಯಿಯಲ್ಲೇ ಇನ್ನೊಂದು ಮಾದರಿಯಿದೆ. 1890ರ ಸುಮಾರಿಗೆ ಮಹಾದೇವ ಹಾವಜಿ ಬಚ್ಚೆ ಶುರುಮಾಡಿದ ಡಬ್ಬಾವಾಲಾ ವ್ಯವಸ್ಥೆ. ಸಾಂತಾಕ್ರೂಜಿನ ಮನೆಯಿಂದ ಹೊರಟ ಊಟದ ಡಬ್ಬಿ ಚರ್ಚ್‌ಗೇಟಿನ ಯಾವುದೋ ಕಟ್ಟಡದ ಯಾವುದೋ ಮಹಡಿಗೆ ತಲಪಲು ಮುಚ್ಚಳದ ಮೇಲಿನ ಕೆಲವು ಅಕ್ಷರ-ಅಂಕಿಗಳಷ್ಟೇ ಆಧಾರ. ಎಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ, ಹೊರಟದ್ದು ಎಲ್ಲಿಂದ, ಎಲ್ಲವೂ ಅಷ್ಟರಲ್ಲೇ. ಡಬ್ಬಿ ಹಲವರ ಕೈ ಬದಲಾಯಿಸುತ್ತದೆ, ಗುರುತು ಬದಲಾಗುವುದಿಲ್ಲ. ಬಣ್ಣದಿಂದ ಬರೆದ ನಾಲ್ಕು ಗುರುತು ಇಷ್ಟು ಕೆಲಸ ಮಾಡುವಾಗ ಕಾರ್ಯಕ್ರಮದ ಪಟ್ಟಿಗೆ ದೊಡ್ಡ ಯಂತ್ರ ಯಾಕೆ ಎಂದು ಕೇಳುವುದು ನ್ಯಾಯವೇ.

ಯಂತ್ರದ ಕಥೆಯೂ ಈ ಊರಿನದೇ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದ ಕಂಪ್ಯೂಟರಿಗೆ 1960ರಲ್ಲಿ ‘ಟಿಫ್ರಾಕ್’ ಎಂಬ ಹೆಸರು ಬಂತು. 1973ರಲ್ಲಿ ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ರಫ್ತು ಸಂಸ್ಕರಣಾ ವಲಯ, ಅಂದರೆ ‘ಸೀಪ್ಜ್’, ಸ್ಥಾಪನೆಯಾಯಿತು. ಹೆಸರು ಸಾಂತಾಕ್ರೂಜಿನದು, ಜಾಗ ಅಂಧೇರಿಯದು. ಇದು ಮುಂಬಯಿಯ ತಮಾಷೆ. ಭಾರತದ ಸಾಫ್ಟ್‌ವೇರ್ ರಫ್ತಿನ ಮೊದಲ ಹೆಜ್ಜೆಗಳಲ್ಲಿ ಕೆಲವು ಅಲ್ಲಿಂದಲೇ ಬಿದ್ದವು. ಪ್ರೋಗ್ರಾಮರುಗಳು ಬರೆಯುವುದೆಲ್ಲ ಸಾದಾ ಪಠ್ಯ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆ ಇದನ್ನೇ ತತ್ವ ಮಾಡಿಕೊಂಡಿತು: ಸಾಲುಗಳಾಗಿ ಬರೆದಿಡು, ಹುಡುಕಲು, ವಿಂಗಡಿಸಲು, ಎಣಿಸಲು ಸಣ್ಣಸಣ್ಣ ಸಲಕರಣೆಗಳಿರಲಿ. ಕೋಡಿನ ನಡುವೆಯೇ ‘ಇದು ಮಾಡಬೇಕಿದೆ’ ಎಂದು ಒಂದು ಸಾಲು ಗೀಚಿಡುವ ಅಭ್ಯಾಸ ಪ್ರೋಗ್ರಾಮರುಗಳಿಗೆ ಬೆಳೆಯಿತು. ಕೆಲಸದ ಪಟ್ಟಿ ಟೆಕ್ಸ್ಟ್ ಫೈಲಿಗೆ ಇಳಿದದ್ದು ಅವರ ಕೈಯಿಂದಲೇ.

2000ದ ನಂತರ ಈ ಅಭ್ಯಾಸಕ್ಕೆ ಒಂದು ಪದ್ಧತಿಯ ರೂಪ ಬಂತು. ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ 2003ರಲ್ಲಿ ಈಮ್ಯಾಕ್ಸ್ ಎಂಬ ಹಳೆಯ ಸಂಪಾದಕದೊಳಗೆ ‘ಆರ್ಗ್ ಮೋಡ್’ ಕಟ್ಟಿದರು. ನಕ್ಷತ್ರ ಚಿಹ್ನೆಯಿಂದ ಶೀರ್ಷಿಕೆ, ಅದರ ಕೆಳಗೆ ಉಪಕೆಲಸ, ಪಕ್ಕದಲ್ಲಿ ತಾರೀಕು. ಸಾವಿರಾರು ಸಾಲಿನ ಫೈಲಿನಿಂದ ಇಂದಿನ ಕೆಲಸವಷ್ಟನ್ನೇ ಎತ್ತಿ ತೋರಿಸುತ್ತದೆ. ಶಕ್ತಿ ಬಹಳ, ಕಲಿಯುವುದಕ್ಕೆ ತಾಳ್ಮೆ ಅದಕ್ಕಿಂತ ಹೆಚ್ಚು ಬೇಕು. ಅದೇ ವರ್ಷ ಜಾನ್ ವೀಗ್ಲಿ ‘ಲೆಡ್ಜರ್’ ತಂದರು. ಅದು ಹೆಚ್ಚುಕಡಿಮೆ ನಮ್ಮ ರೋಜುಕೀರ್ದಿಯೇ, ಖಾತೆಗೆ ಎತ್ತುವ ಕೆಲಸವನ್ನು ಮಾತ್ರ ಕಂಪ್ಯೂಟರು ನೋಡಿಕೊಳ್ಳುತ್ತದೆ. 2006ರಲ್ಲಿ ಗೀನಾ ಟ್ರಪಾನಿ ‘ಟುಡು ಡಾಟ್ ಟಿಎಕ್ಸ್‌ಟಿ’ ಮುಂದಿಟ್ಟರು. ನನಗೆ ಅತ್ಯಂತ ಇಷ್ಟವಾದದ್ದು ಇದೇ, ಏಕೆಂದರೆ ಇದರ ನಿಯಮಗಳನ್ನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಲಿಯಬಹುದು. ಒಂದು ಸಾಲಿಗೆ ಒಂದು ಕೆಲಸ. ಆದ್ಯತೆಗೆ ಸಾಲಿನ ಮೊದಲು ಆವರಣದಲ್ಲಿ ಒಂದು ಇಂಗ್ಲಿಷ್ ದೊಡ್ಡಕ್ಷರ. ಯೋಜನೆಯ ಹೆಸರಿಗೆ ಕೂಡಿಸುವ ಚಿಹ್ನೆ, ಕೆಲಸ ನಡೆಯುವ ಸ್ಥಳ ಸಂದರ್ಭಕ್ಕೆ ಇಮೇಲಿನಲ್ಲಿ ಬರುವ ‘ಅಟ್’ ಚಿಹ್ನೆ. ಸಂಘದ ಫೈಲು ಹೀಗಿರಬಹುದು:

(A) ಹಾಲ್ ಮುಂಗಡ ಕಟ್ಟುವುದು +ವಾರ್ಷಿಕೋತ್ಸವ @ಸಾಂತಾಕ್ರೂಜ್
(B) ಆಮಂತ್ರಣ ಪತ್ರಿಕೆಯ ಪ್ರೂಫ್ ನೋಡುವುದು +ವಾರ್ಷಿಕೋತ್ಸವ @ಮನೆ
ಭಾಗವತರ ಟಿಕೆಟ್ ವಿಚಾರಿಸುವುದು +ಯಕ್ಷಗಾನ @ಫೋನ್
ಕಳೆದ ಸಲದ ಊಟದ ಲೆಕ್ಕ ಹುಡುಕುವುದು +ಯಕ್ಷಗಾನ @ಮನೆ

ಮನೆಯಲ್ಲಿ ಬಿಡುವಿದ್ದಾಗ ‘@ಮನೆ’ ಎಂದು ಹುಡುಕಿದರೆ ಮನೆಯಲ್ಲಿ ಆಗುವ ಕೆಲಸಗಳಷ್ಟೇ ಮೇಲೆ ಬರುತ್ತವೆ. ಯಕ್ಷಗಾನದ ಸಭೆಗೆ ಹೋಗುವಾಗ ‘+ಯಕ್ಷಗಾನ’. ಮುಗಿದ ಕೆಲಸದ ಮುಂದೆ ಸಣ್ಣ ‘ಎಕ್ಸ್’ ಅಕ್ಷರವನ್ನೂ ತಾರೀಕನ್ನೂ ಹಾಕಿ ‘ಡನ್’ ಎಂಬ ಇನ್ನೊಂದು ಫೈಲಿಗೆ ಸಾಗಿಸಬೇಕು. ಬಹಳ ಜನ ಈ ಎರಡನೇ ಫೈಲನ್ನು ಕಸವೆಂದು ಭಾವಿಸುತ್ತಾರೆ. ಸಂಘಗಳಿಗೆ ನಿಜವಾದ ಆಸ್ತಿ ಅದೇ: ಹೋದ ವರ್ಷ ಯಾವ ಕೆಲಸ ಯಾವ ದಿನ ಮುಗಿಯಿತು ಎಂಬುದು ಮುಂದಿನ ಕಾರ್ಯದರ್ಶಿಗೆ ಕೂತಲ್ಲೇ ಸಿಗುತ್ತದೆ.

ಇದೇ ಕಾಲದಲ್ಲಿ ಚೆಂದದ ಆಪ್‌ಗಳೂ ಸಾಲುಗಟ್ಟಿ ಬಂದವು, ಹೋದವು. ಆಸ್ಟ್ರಿಡ್ ಎಂಬುದನ್ನು 2013ರಲ್ಲಿ ಯಾಹೂ ಕೊಂಡು, ಅದೇ ವರ್ಷ ಬಾಗಿಲು ಹಾಕಿತು. ವಂಡರ್‌ಲಿಸ್ಟನ್ನು 2015ರಲ್ಲಿ ಕೊಂಡ ಮೈಕ್ರೋಸಾಫ್ಟ್ 2020ರ ಮೇ 6ರಂದು ನಿಲ್ಲಿಸಿತು. ಪಟ್ಟಿಯನ್ನು ಬೇರೆಡೆಗೆ ಸಾಗಿಸುವ ಅವಕಾಶ ಕೊಟ್ಟರು, ನಿಜ. ಆದರೂ ಬಾಡಿಗೆ ಮನೆ ಬಾಡಿಗೆ ಮನೆಯೇ. ಶೀರ್ಷಿಕೆ, ಪಟ್ಟಿಗಳನ್ನು ಸಾದಾ ಚಿಹ್ನೆಗಳಿಂದಲೇ ಗುರುತಿಸುವ ಮಾರ್ಕ್‌ಡೌನ್ ಕ್ರಮವನ್ನು 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ ನಂತರ ಟಿಪ್ಪಣಿಗಳಿಗೂ ಸಾದಾ ಪಠ್ಯವೇ ಸಾಕೆಂಬ ನಂಬಿಕೆ ಬಲಿಯಿತು. 2020ರ ಅಬ್ಸಿಡಿಯನ್‌ನಂಥ ತಂತ್ರಾಂಶಗಳು ನಿಮ್ಮ ಬರಹವನ್ನು ನಿಮ್ಮದೇ ಫೋಲ್ಡರಿನಲ್ಲಿ ಟೆಕ್ಸ್ಟ್ ಫೈಲುಗಳಾಗಿ ಬಿಡುತ್ತವೆ. ತಂತ್ರಾಂಶ ನಾಳೆ ಮಾಯವಾದರೂ ಫೈಲು ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ.

ಇಷ್ಟೂ ಇಂಗ್ಲಿಷಿನಲ್ಲಿ ಬರೆಯುವವರ ಕಥೆ. ಕನ್ನಡಕ್ಕೆ ‘ಸಾದಾ ಪಠ್ಯ’ ಎಂಬುದೇ ಬಹಳ ಕಾಲ ಇರಲಿಲ್ಲ. 1990ರ ದಶಕದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಆ ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿಯ ಮೇಲೆ ಗೀಟು ಹೊತ್ತ ಎ. ಹುಡುಕುವುದಂತೂ ದೂರದ ಮಾತು. ಇಂಥ ಕಾಲದಲ್ಲಿ ದಾರಿ ತೋರಿದವರಲ್ಲಿ ಕಿನ್ನಿಕಂಬಳ ಪದ್ಮನಾಭ ರಾವ್, ನಮ್ಮೆಲ್ಲರ ಕೆ.ಪಿ. ರಾವ್, ಮೊದಲಿಗರು. ಮಂಗಳೂರು ಕಡೆಯವರು, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ದುಡಿದವರು. ಟೈಪ್‌ರೈಟರಿಗಾಗಿ ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಬೇಕಿತ್ತು. ರಾವ್ ಅವರು ಕನ್ನಡದ ಧ್ವನಿಕ್ರಮವನ್ನೇ ಹಿಡಿದರು. ‘ಕೆ’ ಒತ್ತಿದರೆ ಕ, ‘ಟಿ’ ಒತ್ತಿದರೆ ತ, ನಡುವೆ ‘ಎಫ್’ ಒತ್ತಿದರೆ ಎರಡೂ ಕೂಡಿ ಕ್ತ. ಒತ್ತಕ್ಷರಕ್ಕೆ ಬೇರೆ ಕೀಲಿ ಬೇಡ. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು, ಅದೂ ಒಂದು ಗುರುದಕ್ಷಿಣೆ. ಮುಂದೆ ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಗೂ ಅದೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು ಪರದೇಶದ ಕನ್ನಡಿಗರ ಮನೆಗಳಿಗೂ ಕನ್ನಡ ಟೈಪಿಂಗ್ ಹೊಕ್ಕಿತು.

ಅಡ್ಡಿ ನಿವಾರಣೆಯಾದದ್ದು ಎಲ್ಲ ಲಿಪಿಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡಿನಿಂದ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿಯ ಜತೆ 2001ರಲ್ಲಿ ‘ತುಂಗಾ’ ಫಾಂಟ್ ಬಂದ ಮೇಲೆ ಸಾಮಾನ್ಯರ ಕಂಪ್ಯೂಟರಿನಲ್ಲೂ ಅದು ಕಾಣಿಸತೊಡಗಿತು. ಈಗ ‘ಕ’ ಎಲ್ಲಿ ಹೋದರೂ ‘ಕ’ವೇ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು, ಇಂಗ್ಲಿಷಿಗೆ 1 ಸಾಕು. ಮೂರು ಪಟ್ಟು ಎಂದು ಮುಖ ಸಣ್ಣಗೆ ಮಾಡಿಕೊಳ್ಳಬೇಕಿಲ್ಲ: ವರ್ಷವಿಡೀ ಬರೆದ ಪಟ್ಟಿ ಕೂಡ ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಷ್ಟು ಜಾಗ ಹಿಡಿಯುವುದಿಲ್ಲ.

ತೊಂದರೆಗಳು ಉಳಿದಿವೆ. ‘ಬ್ಯಾಂಕ್‌ಗೆ’ ಎಂದು ಒತ್ತು ಕೂಡದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಅದನ್ನು ಬಿಟ್ಟು ಬರೆದ ಪದ ಯಂತ್ರಕ್ಕೆ ಬೇರೆಯದೇ ಪದ, ಹುಡುಕಿದರೆ ಸಿಗುವುದಿಲ್ಲ. ಸೊನ್ನೆ ಅಂಕಿಯನ್ನೇ ಅನುಸ್ವಾರವೆಂದು ಒತ್ತುವವರೂ ಇದ್ದಾರೆ. ಕಾಣುವುದಕ್ಕೆ ಎರಡೂ ಒಂದೇ, ಕಂಪ್ಯೂಟರಿಗೆ ಮಾತ್ರ ಅಜಗಜಾಂತರ. ಯೋಜನೆಯ ಹೆಸರುಗಳನ್ನು ಚಿಕ್ಕದಾಗಿ, ಎಲ್ಲರೂ ಒಂದೇ ರೀತಿ ಬರೆದರೆ ಈ ಪೀಡೆ ಬಹುಮಟ್ಟಿಗೆ ತಪ್ಪುತ್ತದೆ. ಕಪ್ಪು ಪರದೆಯ ಟರ್ಮಿನಲ್ಲುಗಳಲ್ಲಿ ಒತ್ತಕ್ಷರ ಮುರಿದು ಕಾಣುವುದೂ ಉಂಟು, ಅಲ್ಲಿ ಸಾಮಾನ್ಯ ಸಂಪಾದಕವೇ ವಾಸಿ. ಇನ್ನು, ಟೆಕ್ಸ್ಟ್ ಫೈಲು ತಾನಾಗಿ ಗಂಟೆ ಬಾರಿಸಿ ನೆನಪಿಸುವುದಿಲ್ಲ; ಐದಾರು ಜನ ಒಟ್ಟಿಗೆ ತಿದ್ದಿದರೆ ಗೊಂದಲವೂ ಆಗುತ್ತದೆ. ಅಂಥ ಕಡೆ ವಾಟ್ಸ್ಆ್ಯಪ್ ಗುಂಪು ಮಾತುಕತೆಗೆ ಇರಲಿ. ಆದರೆ ಗುಂಪಿನ ಮಾತುಕತೆಯನ್ನೇ ಪಟ್ಟಿ ಎಂದುಕೊಳ್ಳುವವರಿಗೆ ಶುಭೋದಯದ ಹೂಗಳ ನಡುವೆ ಕೇಟರಿಂಗ್‌ನವರ ದರಪಟ್ಟಿ ಹುಡುಕುವ ಯೋಗ ತಪ್ಪಿದ್ದಲ್ಲ.

ಮುಂಬಯಿಯ ಹಲವು ಕನ್ನಡ ಸಂಘಗಳು ಬಹಳ ಹಳೆಯವು. ಮೈಸೂರು ಅಸೋಸಿಯೇಷನ್ 1926ರದು, ಮಾಹಿಮಿನ ಕರ್ನಾಟಕ ಸಂಘ 1933ರದು. ಇಂಥ ಸಂಸ್ಥೆಗಳಲ್ಲಿ ಪದಾಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ. ಹೊಸಬರಿಗೆ ಕೀಲಿಕೈ, ಬ್ಯಾಂಕ್ ಪಾಸ್‌ಬುಕ್, ಮಿನಿಟ್ಸ್ ಪುಸ್ತಕ ಒಪ್ಪಿಸುವ ಸಂಪ್ರದಾಯವಿದೆ. ಕೆಲಸದ ಪಟ್ಟಿ ಮಾತ್ರ ಹಳಬರ ಫೋನಿನಲ್ಲೇ ಉಳಿದುಬಿಡುತ್ತದೆ. ಈ ವರ್ಷದ ಮಹಾಸಭೆಗೆ ಮೊದಲು ನಿಮ್ಮ ಸಂಘದ ಪಟ್ಟಿಯನ್ನು ಯೂನಿಕೋಡ್ ಕನ್ನಡದಲ್ಲಿ ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿ, ಮುಗಿದ ಕೆಲಸಗಳಿಗೆ ತಾರೀಕು ಹಾಕಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಟ್ಟು ಮಿನಿಟ್ಸ್ ಪುಸ್ತಕದ ಜತೆಗೇ ಒಪ್ಪಿಸಿಬಿಡಿ.