ಆತ್ಮದ ಬಡತನ

ಆತ್ಮದ ಬಡತನ: ತನ್ನ ಪುಣ್ಯ, ಜ್ಞಾನ, ಸ್ಥಾನಮಾನಗಳಾವುವೂ ದೇವರ ಮುಂದೆ ಲೆಕ್ಕಕ್ಕೆ ಬಾರವೆಂದು ಅರಿತು, ಆತನ ಕೃಪೆಯನ್ನೇ ಆಶ್ರಯಿಸುವ ಕ್ರೈಸ್ತ ಮನೋಧರ್ಮ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ, ಯೇಸುವಿನ ಪರ್ವತ ಪ್ರಸಂಗದ ಧನ್ಯವಾಕ್ಯಗಳ ಪೈಕಿ ಮೊದಲನೆಯದು ಇಂಥವರನ್ನು ಕುರಿತದ್ದು. ಪರಲೋಕರಾಜ್ಯವು ಅವರದೆಂಬುದು ಅಲ್ಲಿನ ವಾಗ್ದಾನ. ಲೂಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಇದೇ ವಾಗ್ದಾನ ನೇರವಾಗಿ ಬಡವರಿಗೇ ದೊರೆತಿದೆ. ದೇವರೊಬ್ಬನನ್ನೇ ನೆಚ್ಚಿದ ದೀನರ ಮೊರೆ ತುಂಬಿರುವ ಹೀಬ್ರೂ ಕೀರ್ತನೆಗಳಲ್ಲಿ ಇದರ ಬೇರುಗಳಿವೆ.

ಈ ಮನೋಧರ್ಮದ ಅತ್ಯಂತ ಸ್ಪಷ್ಟ ಚಿತ್ರಣ ಲೂಕನ 18ನೆಯ ಅಧ್ಯಾಯದ ಸಾಮ್ಯದಲ್ಲಿದೆ. ದೇವಾಲಯಕ್ಕೆ ಬಂದ ಫರಿಸಾಯನು ವಾರಕ್ಕೆರಡು ಉಪವಾಸ, ದಶಮಾಂಶ ಕಾಣಿಕೆಗಳನ್ನು ಎಣಿಸಿ ಹೇಳುತ್ತಾನೆ. ದೂರದಲ್ಲಿ ನಿಂತ ಸುಂಕದವನು ಕಣ್ಣೆತ್ತಲೂ ಅಂಜಿ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ನೀತಿವಂತನೆನಿಸಿ ಮನೆಗೆ ಹೋಗುವವನು ಅವನೇ. ಪೂರ್ವದ ಆರ್ಥೊಡಾಕ್ಸ್ ಸಭೆಗಳ ‘ಯೇಸು ಪ್ರಾರ್ಥನೆ’ಯಲ್ಲಿ ಈ ಮೊರೆಯ ಧ್ವನಿಯಿದೆ.

4ನೆಯ ಶತಮಾನದ ಕೊನೆಯಲ್ಲಿ ಅಗಸ್ಟೀನ್ ಆತ್ಮದ ಬಡತನವನ್ನು ದೈನ್ಯವೆಂದೇ ವ್ಯಾಖ್ಯಾನಿಸಿದ. 6ನೆಯ ಶತಮಾನದ ಬೆನೆಡಿಕ್ಟನ ಮಠನಿಯಮಾವಳಿಯ 7ನೆಯ ಅಧ್ಯಾಯವು ದೈನ್ಯದ 12 ಮೆಟ್ಟಿಲುಗಳನ್ನು ವಿವರಿಸುತ್ತದೆ. ಮಾರ್ಟಿನ್ ಲೂಥರ್ 1546ರಲ್ಲಿ ಸಾಯುವ ಮುನ್ನ ಬರೆದಿಟ್ಟ ಚೀಟಿಯಲ್ಲಿ ಮನುಷ್ಯರನ್ನು ಭಿಕ್ಷುಕರೆಂದು ಕರೆದ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ ಮೂರು ಭಾಗಗಳಲ್ಲಿ ಮೊದಲನೆಯದರ ವಿಷಯ ಮನುಷ್ಯನ ದುರವಸ್ಥೆ. ಬಿಡುಗಡೆ, ಕೃತಜ್ಞತೆಗಳು ಆನಂತರದವು.

ಆತ್ಮಹೀಯಾಳಿಕೆ ಅಥವಾ ಕೀಳರಿಮೆಯನ್ನು ಇದರೊಂದಿಗೆ ಸಮೀಕರಿಸುವುದು ತಪ್ಪು. ಕೊರತೆಯ ಅರಿವಿನಷ್ಟೇ ಕೃಪೆಯ ಭರವಸೆಯೂ ಇದರ ಅಂಗ. ರೋಮನ್ ಕ್ಯಾಥೊಲಿಕ್ ಸಭೆಯಲ್ಲಿ ನವೆಂಬರ್ 1ರ ಸಕಲ ಸಂತರ ಹಬ್ಬದಂದು ಧನ್ಯವಾಕ್ಯಗಳನ್ನು ಪಠಿಸಲಾಗುತ್ತದೆ.