ಹೊರೆಗಾಗಿ ಕಟ್ಟಿದ ಗಾಡಿಗಳು: ಮೂರು ತಾಲ್ಲೂಕುಗಳ ತಗಡು ಕೆಲಸದ ನೂರು ವರ್ಷ

ಕ್ಯಾಲಿಫೋರ್ನಿಯಾದ ಹುಡುಗರು 1930ರ ದಶಕದಲ್ಲಿ ಹಳೆಯ ಫೋರ್ಡ್ ಗಾಡಿಗಳ ಮಡ್‌ಗಾರ್ಡ್ ಬಿಚ್ಚಿ ಎಸೆದು, ಟಾಪ್ ಕೊಯ್ದು ತಗ್ಗಿಸಿ, ಒಣಗಿದ ಕೆರೆಯಂಗಳಗಳಲ್ಲಿ ರೇಸ್ ಬಿಡುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪೆನಿ ಅಗ್ಗದ ವಿ-8 ಎಂಜಿನ್ ತಂದ ಮೇಲೆ ಈ ಹುಚ್ಚು ಹೆಚ್ಚಿತು. 1948ರ ಹೊತ್ತಿಗೆ ಇಂಥ ಗಾಡಿಗಳದ್ದೇ ಹೆಸರಾದ ‘ಹಾಟ್ ರಾಡ್’ ಎಂಬ ಒಂದು ಪತ್ರಿಕೆಯೇ ಹೊರಟಿತು. ಅವರ ಗಾಡಿಗಳಲ್ಲಿ ಹಳೆಯ ಪಿಕಪ್ಪುಗಳೂ ಇದ್ದವು. ಅಂಥದೊಂದನ್ನು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಹುಡುಕಲು ಹೊರಟವರಿಗೆ ನಿರಾಸೆಯೇ ಗತಿ. ಆದರೆ ಚಾಸಿಸ್ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ತಗಡು, ಆಂಗಲ್, ಪೈಪುಗಳಿಂದ ಕಟ್ಟಿ ನಿಲ್ಲಿಸುವ ವಿದ್ಯೆಗೆ ಇಲ್ಲಿ ನೂರು ವರ್ಷದ ಚರಿತ್ರೆ ಇದೆ. ಅಲ್ಲಿಯವರು ವೇಗಕ್ಕಾಗಿ ಭಾರ ಇಳಿಸಿದರು, ಇಲ್ಲಿಯವರು ಹೊರೆಗಾಗಿ ಭಾರ ಏರಿಸಿದರು. ಉಳಿದ ವ್ಯತ್ಯಾಸಗಳೆಲ್ಲ ಈ ಒಂದರಿಂದಲೇ ಹುಟ್ಟಿದವು ಎನ್ನುವುದು ನನ್ನ ಅಂದಾಜು.

ಮೊದಲು ಊರಿನ ಕುಲುಮೆ. ಕತ್ತಿ, ಪಿಕ್ಕಾಸುಗಳ ಜೊತೆ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದೂ ಆಚಾರಿಯ ಕೆಲಸವೇ. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಬಿಗಿದುಕೊಳ್ಳುತ್ತದೆ. ಕಬ್ಬಿಣ ಬಿಸಿಗೆ ಎಷ್ಟು ಹಿಗ್ಗುತ್ತದೆ, ತಣ್ಣಗಾದಾಗ ಎಷ್ಟು ಎಳೆಯುತ್ತದೆ ಎಂಬ ಈ ಲೆಕ್ಕವೇ ಮುಂದೆ ತಗಡು ಕೆಲಸಕ್ಕೂ ಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ 1874ರಲ್ಲಿ ಮೆಕ್ಯಾನಿಕಲ್ ವರ್ಕ್‌ಶಾಪನ್ನೂ ತೆರೆಯಿತು. ಅಳತೆಗೆ ಸರಿಯಾಗಿ ಬಿಡಿಭಾಗ ಮಾಡುವ ಶಿಸ್ತು ಜಿಲ್ಲೆಗೆ ಬಂದದ್ದು ಆ ದಾರಿಯಲ್ಲಿ.

1914ರ ಸುಮಾರಿಗೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಮಂಗಳೂರು–ಬಂಟ್ವಾಳ ರಸ್ತೆಯಲ್ಲಿ ಬಸ್ಸು ಓಡಿಸತೊಡಗಿತು. ಆ ಕಾಲಕ್ಕೆ ಕಾರ್ಖಾನೆಯಿಂದ ಬರುತ್ತಿದ್ದದ್ದು ಎಂಜಿನ್ ಕೂತ ಬರಿಯ ಚಾಸಿಸ್; ಬಾಡಿ ಕಟ್ಟುವುದು ನಮ್ಮವರ ಪಾಲಿಗೆ. ಚೌಕಟ್ಟು ಗಟ್ಟಿ ಕಾಡುಮರದ್ದು, ಹೊರಗಿನ ಹೊದಿಕೆ ತಗಡಿನದು. ಹೀಗಾಗಿ ಮೊದಲ ಬಾಡಿ ಕಟ್ಟುವವರಲ್ಲಿ ಬಡಗಿಗೇ ಮೇಲುಗೈ, ತಗಡಿನವನು ಅವನ ಹಿಂದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಈ ಕ್ರಮ ತಿರುಗಿತು. ಬಸ್ಸಿನ ಹಿಂದೆ ದಪ್ಪ ತಗಡಿನ ಉರುಳೆ ಕಟ್ಟಿ, ಅದರಲ್ಲಿ ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿ, ಹೊಮ್ಮಿದ ಕಾರ್ಬನ್ ಮೊನಾಕ್ಸೈಡನ್ನು ಸೋಸಿ ಎಂಜಿನ್‌ಗೆ ಕೊಡುತ್ತಿದ್ದರು. ಕೀಲಿನಲ್ಲಿ ಎಲ್ಲಿಯಾದರೂ ಗಾಳಿ ಸೋರಿದರೆ ಎಂಜಿನ್ ಸೊರಗುತ್ತಿತ್ತು, ಸಾಲದ್ದಕ್ಕೆ ಹೊಗೆ ವಿಷ. ಗಾಳಿ ನುಸುಳದಂತೆ ತಗಡು ಕೂಡಿಸುವವನಿಗೆ ಬೆಲೆ ಬಂದದ್ದು ಹಾಗೆ. ಇದ್ದಿಲು ಬಸ್ಸುಗಳ ಶಕ್ತಿ ಎಷ್ಟೆಂದರೆ, ಏರಿನಲ್ಲಿ ಪ್ರಯಾಣಿಕರು ಇಳಿದು ನಡೆಯಬೇಕಿತ್ತು. ಟಿಕೆಟಿನ ದುಡ್ಡು ವಾಪಸ್ಸು ಕೇಳಿದವರ ಸುದ್ದಿ ಮಾತ್ರ ಕೇಳಿಲ್ಲ.

ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ ವಾಮನ ಶ್ರೀನಿವಾಸ ಕುಡ್ವರ ಕೆನರಾ ವರ್ಕ್‌ಶಾಪ್ಸ್ ಮಂಗಳೂರಿನಲ್ಲಿ ಲೀಫ್ ಸ್ಪ್ರಿಂಗ್ ತಯಾರಿಸಿ ಹೆಸರು ಮಾಡಿತು. ಸ್ಪ್ರಿಂಗಿನ ಉದ್ಯಮ ಇಲ್ಲಿ ಬೆಳೆದದ್ದರಲ್ಲಿ ಅಚ್ಚರಿಯಿಲ್ಲ. ಹಾಟ್ ರಾಡ್ ಕಟ್ಟುವವನು ಗಾಡಿಯನ್ನು ನೆಲಕ್ಕೆ ತಗ್ಗಿಸಲು ಸ್ಪ್ರಿಂಗಿನ ಪಟ್ಟಿ ಬಿಚ್ಚುತ್ತಾನೆ. ನಮ್ಮ ಗ್ಯಾರೇಜಿಗೆ ಬಂದ ಗಾಡಿಗೆ ಇನ್ನೂ ಒಂದು ಪಟ್ಟಿ ಸೇರುತ್ತದೆ.

ಇನ್ನು ಜೀಪು. ಮಹೀಂದ್ರ ಕಂಪೆನಿ 1947ರಲ್ಲಿ ವಿಲ್ಲಿಸ್ ಜೀಪನ್ನು ಭಾರತಕ್ಕೆ ತಂದಿತು. ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ ತಾಲ್ಲೂಕಿಗೆ ಅದು ಹೇಳಿ ಮಾಡಿಸಿದ ಗಾಡಿ. ದಿಡುಪೆ, ನೆರಿಯ, ಶಿಶಿಲದಂಥ ಊರುಗಳ ಕಡೆಗೆ ಡಾಮರು ಬರುವ ಮೊದಲು, ಹೊಳೆಗೆ ಸೇತುವೆ ಆಗುವ ಮೊದಲು, ಅಡಿಕೆ ಮೂಟೆಯೂ ಬಾಣಂತಿಯೂ ಹೋಗುತ್ತಿದ್ದದ್ದು ಜೀಪಿನಲ್ಲೇ. ಕಂಪೆನಿ ಕೊಡುತ್ತಿದ್ದದ್ದು ಕ್ಯಾನ್ವಾಸಿನ ಹೊದಿಕೆ. ನಮ್ಮ ಮಳೆಗೆ, ಅಂದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆಗೆ, ಕ್ಯಾನ್ವಾಸ್ ಎಷ್ಟು ದಿನ? ಆಂಗಲ್ ಚೌಕಟ್ಟಿನ ಮೇಲೆ ತಗಡಿನ ಟಾಪ್, ಅದರ ಮೇಲೆ ಕ್ಯಾರಿಯರ್, ಒಳಗೆ ಎದುರುಬದಿರು ಬೆಂಚು, ಹಿಂದೆ ನೇತಾಡುವವರಿಗೆ ಫುಟ್‌ಬೋರ್ಡು, ಹತ್ತಲು ಏಣಿ. ಇವೆಲ್ಲ ಊರಿನ ವೆಲ್ಡಿಂಗ್ ಶಾಪಿನಲ್ಲಿ ಆದ ಕೆಲಸಗಳು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸುವುದೂ ಹೀಗೆಯೇ ಬಂತು. ಜೀಪಿನ 2.2 ಲೀಟರಿನ ಹರಿಕೇನ್ ಎಂಜಿನ್ ಪೆಟ್ರೋಲ್ ಕುಡಿಯುವ ಪರಿ ಬಾಡಿಗೆ ಓಡಿಸುವವನಿಗೆ ಹೊಂದುತ್ತಿರಲಿಲ್ಲ. ಹೊಸ ಎಂಜಿನ್ ಕೂರಿಸಬೇಕಾದರೆ ಮೌಂಟಿಂಗ್ ಬ್ರಾಕೆಟ್ ಹೊಸದು, ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಲೇತಿನಲ್ಲಿ ತಿರುಗಿಸಿದ್ದು, ಉದ್ದ ಹೆಚ್ಚುಕಡಿಮೆಯಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿದ್ದು. ಹಾಟ್ ರಾಡಿನ ಎಂಜಿನ್ ಬದಲಾವಣೆಯ ಪಾಠದಲ್ಲಿ ಇರುವುದೂ ಇಷ್ಟೇ.

ಜೀಪೇ ಏಕೆ ಮನೆಯಲ್ಲೇ ಕಟ್ಟುವ ಗಾಡಿಯಾಯಿತು? ಅದರ ಬಾಡಿಯ ತಗಡು ಬಹುಪಾಲು ಒಂದೇ ದಿಕ್ಕಿಗೆ ಬಾಗಿದ್ದು, ಮಡ್‌ಗಾರ್ಡ್ ಕೂಡ ಚಪ್ಪಟೆ. ಅಂಥ ಮಡಿಕೆಗೆ ಎರಡು ಆಂಗಲ್, ಒಂದಷ್ಟು ಕ್ಲ್ಯಾಂಪ್, ಒಂದು ಮರದ ಸುತ್ತಿಗೆ ಸಾಕು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪ್ ಕಟ್ಟುವುದೇ ಒಂದು ಪೇಟೆಯಾಗಿ ಬೆಳೆದದ್ದಕ್ಕೂ ಈ ಸರಳತೆ ಒಂದು ಕಾರಣ ಇರಬೇಕು. 1932ರ ಫೋರ್ಡಿನ ಬಾಗುಗಳೋ ಎರಡು ದಿಕ್ಕಿಗೂ ಉಬ್ಬಿದವು. ಆ ಉಬ್ಬಿಗೆ ತಗಡನ್ನು ಮಡಿಸಿದರೆ ಸಾಲದು, ಹಿಗ್ಗಿಸಬೇಕು.

ಈ ಹಿಗ್ಗಿಸುವ ಕೆಲಸ ಬಲ್ಲವನು ಟಿಂಕರಿಂಗ್ ಮೇಸ್ತ್ರಿ. ಅಪಘಾತದ ಗಾಡಿಗಳನ್ನು ರಿಪೇರಿ ಮಾಡುತ್ತಲೇ ಅವನು ಈ ವಿದ್ಯೆ ಕಲಿತಿರುತ್ತಾನೆ. ಮರದ ದಿಮ್ಮಿಯಲ್ಲಿ ತೋಡಿದ ಗುಳಿಯ ಮೇಲೆ ತಗಡಿಟ್ಟು ಬಡಿದರೆ ಅದು ತೆಳುವಾಗುತ್ತ ಒಳಕ್ಕೆ ಇಳಿಯುತ್ತದೆ. ಆಮೇಲೆ ಒಂದು ಬದಿಗೆ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದು ಇನ್ನೊಂದು ಬದಿಯಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಸಮ ಮಾಡಬೇಕು. ಹಿಗ್ಗಿದ್ದು ಹೆಚ್ಚಾದರೆ ಗ್ಯಾಸಿನ ಉರಿಯಲ್ಲಿ ನಾಣ್ಯದಷ್ಟು ಜಾಗ ಕೆಂಪಾಗಿಸಿ ಒದ್ದೆ ಬಟ್ಟೆ ಒತ್ತುತ್ತಾನೆ, ಅಲ್ಲಿ ತಗಡು ಕುಗ್ಗುತ್ತದೆ. ಚಕ್ರಕ್ಕೆ ಪಟ್ಟಿ ತೊಡಿಸಿದ ಆಚಾರಿಯದ್ದೇ ಲೆಕ್ಕ. ಕೆಲಸ ಒರಟಾದರೆ ಪುಟ್ಟಿ ಮೆತ್ತಿ ಮುಚ್ಚುವವರೂ ಇದ್ದಾರೆ. ಪುಟ್ಟಿಯ ದಪ್ಪ ನೋಡಿ ಮೇಸ್ತ್ರಿಯನ್ನು ಅಳೆಯಬಹುದು.

ವೆಲ್ಡಿಂಗಿನ ಬದಲಾವಣೆ ಎಲ್ಲಕ್ಕಿಂತ ದೊಡ್ಡದು. ಹಿಂದೆ ಗ್ಯಾರೇಜಿನ ಮೂಲೆಯಲ್ಲಿ ಕಾರ್ಬೈಡಿಗೆ ನೀರು ಬಿಟ್ಟು ಅಸಿಟಿಲೀನ್ ಮಾಡುವ ಡಬ್ಬವಿರುತ್ತಿತ್ತು. ಗ್ಯಾಸ್ ವೆಲ್ಡಿಂಗಿನ ಬಿಸಿ ಅಗಲಕ್ಕೆ ಹರಡಿ ತಗಡು ಅಲೆ ಅಲೆಯಾಗುತ್ತದೆ. ರಾಡಿನ ಆರ್ಕ್ ವೆಲ್ಡಿಂಗ್ ಚಾಸಿಸ್ಸಿನ ಬ್ರಾಕೆಟ್ಟಿಗೆ ಒಳ್ಳೆಯದು; 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ತಗಡಿನಲ್ಲಿ ತೂತು ಬೀಳಿಸುತ್ತದೆ. ಸಿಓಟು ವೆಲ್ಡಿಂಗ್ ಬಂದ ಮೇಲೆ ತೆಳು ತಗಡಿನ ಕೆಲಸ ಸಲೀಸಾಯಿತು. ಅದರಲ್ಲೂ ಒಂದೇ ಎಳೆಯಾಗಿ ಎಳೆಯಬಾರದು. ಇಲ್ಲೊಂದು, ಅಲ್ಲೊಂದು ಚುಕ್ಕೆ ಹಾಕಿ, ತಣಿಯಲು ಬಿಟ್ಟು, ನಡುವಿನದನ್ನು ಆಮೇಲೆ ತುಂಬಬೇಕು. ಅಲ್ಯೂಮಿನಿಯಮ್, ಸ್ಟೇನ್‌ಲೆಸ್ ಸ್ಟೀಲುಗಳಿಗೆ ಆರ್ಗಾನ್ ವೆಲ್ಡಿಂಗ್. ಆದರೆ ಮನೆಯಂಗಳಕ್ಕೆ ಗಾಡಿ ಕೆಲಸ ತಂದದ್ದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಇನ್ವರ್ಟರ್ ಮೆಷಿನ್. ಸಿಂಗಲ್ ಫೇಸಿನಲ್ಲಿ ನಡೆಯುವ ಅದು, ಗ್ರೈಂಡರ್ ಒಂದು, ಡ್ರಿಲ್ ಒಂದು ಇದ್ದರೆ ಕೊಟ್ಟಿಗೆಯೇ ವರ್ಕ್‌ಶಾಪ್.

ಪಿಕಪ್ಪಿನ ಹಿಂದಿನ ತೊಟ್ಟಿಯನ್ನೇ ನೋಡಿ. 8 ಅಡಿ ಉದ್ದ, 5 ಅಡಿ ಅಗಲದ ನೆಲಕ್ಕೆ 18 ಗೇಜಿನ ತಗಡು ಹಾಕಿದರೆ ಸುಮಾರು 35 ಕೆ.ಜಿ. ತೂಗುತ್ತದೆ, 3 ಮಿಲಿಮೀಟರ್ ಪ್ಲೇಟು ಹಾಕಿದರೆ 87 ಕೆ.ಜಿ. ದಾಟುತ್ತದೆ. ಹಾಟ್ ರಾಡಿನವನು ತೆಳು ತಗಡಿಗೆ ಉದ್ದುದ್ದ ಗೀರು ಒತ್ತಿ, ಆ ಉಬ್ಬುಗಳಿಂದಲೇ ಅದಕ್ಕೆ ಬಿಗಿ ತರುತ್ತಾನೆ. ನಮ್ಮವನು ಕಣ್ಣು ಮುಚ್ಚಿ ಚೆಕರ್ ಪ್ಲೇಟ್ ಆರಿಸುತ್ತಾನೆ. ನಾಳೆ ಅದರ ಮೇಲೆ ಕೆಂಪುಕಲ್ಲು ಎತ್ತಿ ಹಾಕುವವರಿದ್ದಾರಲ್ಲ! ಅಂದದ ದೃಷ್ಟಿಯಿಂದ ನನಗೆ ಗೀರಿನ ತಗಡೇ ಇಷ್ಟ, ಆದರೆ ಕಲ್ಲು ಇಳಿಸುವವರ ಮುಂದೆ ಆ ವಾದ ನಿಲ್ಲದು. ಇಬ್ಬರಿಗೂ ಒಂದೇ ಇರುವ ನಿಯಮವೂ ಉಂಟು: ತೊಟ್ಟಿಯನ್ನು ಚಾಸಿಸ್ಸಿಗೆ ನೇರವಾಗಿ ಬೆಸೆಯಬಾರದು. ಚಾಸಿಸ್ ಓಟದಲ್ಲಿ ತಿರುಚಿಕೊಳ್ಳುತ್ತಲೇ ಇರುತ್ತದೆ. ಬೆಸೆದ ಜಾಗ ಬಿರುಕು ಬಿಡುತ್ತದೆ. ನಡುವೆ ಮರ ಅಥವಾ ರಬ್ಬರಿನ ಪಟ್ಟಿ ಇಟ್ಟು ಯು-ಬೋಲ್ಟಿನಲ್ಲಿ ಬಿಗಿಯಬೇಕು.

ಮತ್ತೆ ತುಕ್ಕು. ಎರಡು ತಗಡು ಒಂದರ ಮೇಲೊಂದು ಕೂತಲ್ಲೆಲ್ಲ ನೀರು ನಿಲ್ಲುತ್ತದೆ, ಚೌಕ ಪೈಪಿನ ಒಳಗೆ ತೇವ ಹಿಡಿಯುತ್ತದೆ. ಕರಾವಳಿಯ ಅನುಭವಿ ಮೇಸ್ತ್ರಿ ಪೈಪಿನ ತಲೆಗಳನ್ನು ಮುಚ್ಚಿ ಬೆಸೆಯುತ್ತಾನೆ, ಇಲ್ಲವೇ ತಗ್ಗಿನಲ್ಲಿ ತೂತು ಬಿಡುತ್ತಾನೆ. ಕೂಡಿಸುವ ಮೊದಲೇ ಒಳಮೈಗೆ ರೆಡ್ ಆಕ್ಸೈಡ್ ಬಳಿಯುತ್ತಾನೆ. ಮಳೆಯಿಲ್ಲದ ನಾಡಿನ ಪುಸ್ತಕಗಳಲ್ಲಿ ಈ ಮಾತಿಗೆ ಅರ್ಧ ಪುಟವೂ ಸಿಗುವುದಿಲ್ಲ.

ಕಲಿಸುವ ಸಂಸ್ಥೆಗಳ ಪಟ್ಟಿ ಉದ್ದವಿದೆ: ಮಂಗಳೂರಿನ ಕರ್ನಾಟಕ ಪಾಲಿಟೆಕ್ನಿಕ್ (1946), ಧರ್ಮಸ್ಥಳ ಹಾಗೂ ಎರಡು ಬ್ಯಾಂಕುಗಳು ಸೇರಿ ಉಜಿರೆಯಲ್ಲಿ ತೆರೆದ ರುಡ್‌ಸೆಟ್ (1982), ಬೆಂಜನಪದವು, ಮಿಜಾರು, ಉಜಿರೆಗಳ ಎಂಜಿನಿಯರಿಂಗ್ ಕಾಲೇಜುಗಳು. ಆದರೆ ಟಿಂಕರಿಂಗ್ ವಿದ್ಯೆ ಹೆಚ್ಚಾಗಿ ದಾಟಿ ಬಂದದ್ದು ಮೇಸ್ತ್ರಿಯಿಂದ ಹುಡುಗನಿಗೆ, ತುಳುವಿನಲ್ಲೋ ಬ್ಯಾರಿಯಲ್ಲೋ, ಬೈಗುಳದ ಸಮೇತ. ಕಾಲೇಜುಗಳು ತಂದದ್ದು ಡ್ರಾಯಿಂಗ್. 2007ರಲ್ಲಿ ಶುರುವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪೈಪಿನಿಂದ ಗಾಡಿ ಕಟ್ಟುವ ಹುರುಪು ಹಚ್ಚಿತು. ಅಲ್ಲಿ ಪೈಪಿನ ದಪ್ಪ, ಉಕ್ಕಿನ ಇಂಗಾಲದ ಪ್ರಮಾಣದವರೆಗೆ ನಿಯಮವಿದೆ. ಈಗ ಕಂಪ್ಯೂಟರಿನಲ್ಲಿ ಬರೆದ ಬ್ರಾಕೆಟ್ ಲೇಸರ್ ಕಟಿಂಗಿಗೆ ಹೋಗಿ ಅದೇ ಅಳತೆಯಲ್ಲಿ ಬರುತ್ತದೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ ತಗಡಿಗೆ ಗೀರು ಹಾಕುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಸಾಟಿಯಿಲ್ಲದ ಅನುಕೂಲ. ಉಬ್ಬು ಬಡಿಯುವ ಕೈ ಮಾತ್ರ ಲೇಸರಿಗೆ ಬಂದಿಲ್ಲ.

ಅತ್ತ 2005ರಲ್ಲಿ ಟಾಟಾ ಏಸ್ ಬಂತು. ಸಿದ್ಧ ತೊಟ್ಟಿಯ ಅಗ್ಗದ ಗಾಡಿ ಸಿಕ್ಕಿದ್ದರಿಂದ ಹಳೆಯ ಕಾರು, ಜೀಪು ಕೊಯ್ದು ಪಿಕಪ್ ಮಾಡಿಸುವ ಗಿರಾಕಿ ಕಡಿಮೆಯಾದ. ಶಾಪುಗಳಿಗೆ ಉಳಿದದ್ದು ಮೀನಿನ ಗಾಡಿಗೆ ನೀರು ಸೋರದ ಪೆಟ್ಟಿಗೆ, ಹೊದಿಕೆಯ ಕಮಾನು, ಗ್ಯಾಸ್ ಸಿಲಿಂಡರಿನ ಪಂಜರ. ಹಳೆಯದನ್ನು ಹಳೆಯದಾಗಿಯೇ ಉಳಿಸುವ ಕೆಲಸಕ್ಕೆ ಧರ್ಮಸ್ಥಳದಲ್ಲಿ ದೊಡ್ಡ ಉದಾಹರಣೆ ಇದೆ: ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹ. ಬಿಡಿಭಾಗ ಮಾರುಕಟ್ಟೆಯಲ್ಲೇ ಇಲ್ಲದ ಗಾಡಿಯನ್ನು ನಿಲ್ಲಿಸಿಕೊಳ್ಳಲು ಬೇಕಾದ ಕೈಕೆಲಸ ಹಾಟ್ ರಾಡಿನದ್ದೇ. ಗುರಿ ಮಾತ್ರ ತದ್ವಿರುದ್ಧ.

ಇಷ್ಟೆಲ್ಲ ಇದ್ದೂ ರಸ್ತೆಗೆ ಇಳಿಯುವ ದಾರಿಯನ್ನು ಕಾನೂನು ಮುಚ್ಚಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಇಟ್ಟಿತು. ಸ್ಟೀರಿಂಗ್ ಕೀಲನ್ನು ಊಹೆಯ ಮೇಲೆ ಬೆಸೆದು ಘಾಟಿ ಇಳಿಯುವವರನ್ನು ನೆನೆದರೆ ಕಾನೂನಿನ ಪರ ನಿಲ್ಲಬೇಕೆನಿಸುತ್ತದೆ. ಆದರೆ ಒಂಟಿ ಗಾಡಿ ಕಟ್ಟಿದವನು ತಂದು ತೋರಿಸಿ ಪರೀಕ್ಷೆ ಮಾಡಿಸಿಕೊಳ್ಳುವ ಸುಲಭದ ವ್ಯವಸ್ಥೆ ಬ್ರಿಟನ್ನಿನಲ್ಲಿ ಇರುವಂತೆ ಇಲ್ಲೂ ಇರಬಹುದಿತ್ತು.

ಕಾಯ್ದೆಯ 2(28)ನೇ ಕಲಮಿನಲ್ಲಿ ಒಂದು ಕಿಂಡಿ ಇದೆ. ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಓಡಲೆಂದು ಮಾಡಿದ ವಿಶೇಷ ಗಾಡಿ ‘ಮೋಟಾರು ವಾಹನ’ವೇ ಅಲ್ಲ. ಮೂರು ತಾಲ್ಲೂಕುಗಳ ತಗಡು ವಿದ್ಯೆ ಈಗ ಹೆಚ್ಚು ಸ್ವತಂತ್ರವಾಗಿರುವುದು ಇಂಥ ಜಾಗದಲ್ಲೇ, ಅಡಿಕೆ ತೋಟದಲ್ಲಿ. ಬಂಟ್ವಾಳದ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕ್ ಕಟ್ಟಿ 2019ರಲ್ಲಿ ದೇಶದ ಗಮನ ಸೆಳೆದರು. ನೆಲದ ಮೇಲೆ ಓಡುವ ತೋಟದ ಗಾಡಿಗೆ ಗುಜರಿ ಆಟೋದ ಹಿಂಭಾಗ ಒಳ್ಳೆಯ ಆರಂಭ: ಎಂಜಿನ್, ಡಿಫರೆನ್ಷಿಯಲ್ ಎರಡೂ ಹಿಂದೆಯೇ ಸಿಗುತ್ತವೆ, ರಿವರ್ಸ್ ಗೇರೂ ಇದೆ. ಅಡಿಕೆ ಗಿಡಗಳ ನಡುವೆ ಶಿಫಾರಸು ಮಾಡಿದ ಅಂತರ 2.7 ಮೀಟರ್, ಆಟೋದ ಅಗಲ ಸುಮಾರು 1.3 ಮೀಟರ್. ತೊಟ್ಟಿಯನ್ನು ಎರಡೂ ಬದಿಗೆ ಒಂದೊಂದು ಗೇಣು ಚಾಚಿಸಿದರೂ ಗಾಡಿ ಸಾಲಿನ ನಡುವೆ ಸಾಗುತ್ತದೆ. ಬುಡದ ಗೊಬ್ಬರ, ಬೀಳುವ ಹಾಳೆ, ಗೊನೆ ಎಲ್ಲವನ್ನೂ ಹೊರಬೇಕಾದ ಈ ತೊಟ್ಟಿಗೆ ಮೂರು ಬದಿಗೂ ಕೀಲಿನ ಬಾಗಿಲು ಇಡುವುದು ವಾಡಿಕೆಯಾಗಬೇಕು. ಇಕ್ಕಟ್ಟಿನ ಸಾಲಿನಲ್ಲಿ ಗಾಡಿ ತಿರುಗಿಸದೆಯೇ ಯಾವ ಕಡೆಗಾದರೂ ಗೊಬ್ಬರ ಸುರಿಯಬಹುದು.