ಶವಪೆಟ್ಟಿಗೆ ಮಾರುವವನ ಪಥ್ಯ

ಪಿಎಚ್‌ಡಿಯ ಮೂರನೇ ವರ್ಷಕ್ಕೆ ನನ್ನ ತೂಕ ಹದಿನಾಲ್ಕು ಕಿಲೋ ಏರಿತ್ತು. ಸಿಟಿ ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಕೂರಲು ಹೋದರೆ ಪಕ್ಕದವರು ನನ್ನನ್ನೊಮ್ಮೆ ಅಳೆದು ನೋಡಿ ಕಿಟಕಿಗೆ ಒತ್ತಿಕೊಳ್ಳುತ್ತಿದ್ದರು. ಆ ನೋಟ ತಪ್ಪಿಸಲು ನಿಂತೇ ಪ್ರಯಾಣ ಮಾಡುವುದನ್ನು ರೂಢಿಸಿಕೊಂಡೆ. ಹತ್ತೊಂಬತ್ತನೇ ಶತಮಾನದ ಕಿರುಹೊತ್ತಗೆಗಳನ್ನು ಹುಡುಕುತ್ತಿದ್ದ ಅದೇ ದಿನಗಳಲ್ಲಿ ವಿಲಿಯಂ ಬ್ಯಾಂಟಿಂಗ್ ಸಿಕ್ಕಿದ.

ಬ್ಯಾಂಟಿಂಗ್ ಲಂಡನ್ನಿನವನು. ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಮನೆತನದ ಕಸುಬು. ರಾಜಮನೆತನವೂ ಅವರ ಗಿರಾಕಿ. 1862ರ ಆಗಸ್ಟ್‌ನಲ್ಲಿ ಆತನಿಗೆ ಸುಮಾರು 66 ವರ್ಷ, ಎತ್ತರ ಐದಡಿ ಐದಿಂಚು, ತೂಕ 202 ಪೌಂಡ್, ಅಂದರೆ ಸುಮಾರು 92 ಕಿಲೋ. ಬಗ್ಗಿ ಶೂ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಬೆಳಗ್ಗೆ ಬೆಳಗ್ಗೆ ದೋಣಿಗೆ ಹುಟ್ಟು ಹಾಕಿ ನೋಡಿದ. ತೋಳು ಗಟ್ಟಿಯಾಯಿತು, ಹಸಿವೂ ಕೆರಳಿತು. ಹಬೆಸ್ನಾನ, ಬುಗ್ಗೆನೀರಿನ ಊರುಗಳು ಎಲ್ಲವೂ ಆದವು. ಕೊನೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವಿ ಎಂಬ ಕಿವಿವೈದ್ಯನ ಬಳಿ ಹೋದ. ಯಕೃತ್ತು ಸಕ್ಕರೆ ತಯಾರಿಸುತ್ತದೆಂದು ಕ್ಲಾಡ್ ಬರ್ನಾರ್ಡ್ ಪ್ಯಾರಿಸ್ಸಿನಲ್ಲಿ ವಿವರಿಸಿದ್ದನ್ನು ಕೇಳಿಬಂದಿದ್ದ ಹಾರ್ವಿ, ತೊಂದರೆಯ ಮೂಲ ಬೊಜ್ಜು ಎಂದ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿಸಿದ.

ಉಳಿದದ್ದೇನು ಕಡಿಮೆಯಲ್ಲ: ಮೂರು ಹೊತ್ತು ಮಾಂಸ ಅಥವಾ ಮೀನು, ತರಕಾರಿ, ಹಣ್ಣು, ಹಾಲಿಲ್ಲದ ಚಹಾ, ಊಟಕ್ಕೆ ಎರಡು ಮೂರು ಗ್ಲಾಸು ವೈನು. ಮಲಗುವ ಮುನ್ನ ಬೇಕಿದ್ದರೆ ಸಕ್ಕರೆ ಹಾಕದ ವಿಸ್ಕಿಯೂ ಉಂಟು. (ನಮ್ಮ ಹಾಸ್ಟೆಲ್ ವಾರ್ಡನ್ ಇದನ್ನು ಪಥ್ಯವೆಂದು ಒಪ್ಪುವುದು ಕಷ್ಟ.) ಒಂದು ವರ್ಷದಲ್ಲಿ 46 ಪೌಂಡ್ ಇಳಿಯಿತು.

1863ರಲ್ಲಿ ಬ್ಯಾಂಟಿಂಗ್ ತನ್ನ ಖರ್ಚಿನಲ್ಲೇ ಬೊಜ್ಜಿನ ಕುರಿತ ಬಹಿರಂಗ ಪತ್ರವೊಂದನ್ನು ಅಚ್ಚು ಹಾಕಿಸಿ ಹಂಚಿದ. ಅದು ಎಷ್ಟು ಹಬ್ಬಿತೆಂದರೆ ಆತನ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಯಿತು. ವೈದ್ಯಪತ್ರಿಕೆಗಳು ಕೆರಳಿದವು, ವೈದ್ಯನಲ್ಲದವನಿಗೆ ಈ ಉಸಾಬರಿ ಏಕೆಂಬುದು ಅವುಗಳ ತಕರಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಊಟದ ಪಟ್ಟಿಯಲ್ಲ. ದಪ್ಪ ಮನುಷ್ಯ ಜನರ ನಡುವೆ, ಬಾಡಿಗೆ ಬಂಡಿಗಳಲ್ಲಿ ಎಂಥ ನೋಟ, ಎಂಥ ಕುಹಕ ಎದುರಿಸಬೇಕೆಂದು ಆತ ಬರೆದಿದ್ದ. ಹಾಗಾಗಿ ಹೊರಗೆ ಹೋಗುವುದನ್ನೇ ಕಡಿಮೆ ಮಾಡುತ್ತಾನೆ ಎಂದೂ. ಗ್ರಂಥಾಲಯದಲ್ಲಿ ಆ ಪುಟವನ್ನು ಎರಡು ಸಲ ಓದಿದೆ.

ನಾನೂ ಅನ್ನ ಬಿಟ್ಟೆ. ಮೊದಲ ವಾರವೇ ಎರಡು ಕಿಲೋ! ಆಮೇಲೆ ಗೊತ್ತಾಯಿತು, ಅದರಲ್ಲಿ ಬಹುಪಾಲು ನೀರು. ದೇಹ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಪಿಷ್ಟ ನಿಂತರೆ ಎರಡೂ ಖಾಲಿ. "ಅನ್ನ ಬ್ಯಾಡಾಂದ್ರೆ ಮುದ್ದೆನಾದ್ರೂ ತಿನ್ನು" ಎಂದು ಅಮ್ಮ ಫೋನಿನಲ್ಲಿ ಗದರಿದಳು. ರಾಗಿಯಲ್ಲಿ ನಾರು ಹೆಚ್ಚು ನಿಜ, ಪಿಷ್ಟ ಮಾತ್ರ ಅಕ್ಕಿಗಿಂತ ತೀರಾ ಕಡಿಮೆಯೇನಲ್ಲ. ಅಮ್ಮನಿಗೆ ಹೇಳಲಿಲ್ಲ.

ಬ್ಯಾಂಟಿಂಗ್ ಕ್ಯಾಲೊರಿ ಎಣಿಸಲಿಲ್ಲ. ಆ ಲೆಕ್ಕ ಅಮೆರಿಕದ ವಿಲ್ಬರ್ ಆಟ್ವಾಟರ್‌ನ ಪ್ರಯೋಗಗಳಿಂದ ಬಂತು: ಪಿಷ್ಟ, ಪ್ರೋಟೀನು ಗ್ರಾಂಗೆ ನಾಲ್ಕು, ಕೊಬ್ಬು ಒಂಬತ್ತು. 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಎಣಿಸುವುದನ್ನೇ ಪಥ್ಯ ಮಾಡಿದಳು. ಕೊಬ್ಬು ಬಿಡುವ ಪಥ್ಯಕ್ಕೆ ಆ ಒಂಬತ್ತೇ ಆಧಾರ. ಹೊತ್ತು ಬಿಟ್ಟು ತಿನ್ನುವ ಈಚಿನ ಪದ್ಧತಿಯಲ್ಲೂ ತೂಕ ಇಳಿಯುವುದು ಹೆಚ್ಚಾಗಿ ಒಟ್ಟು ತಿನ್ನುವುದು ಕಡಿಮೆಯಾಗುವುದರಿಂದಲೇ.

1972ರಲ್ಲಿ ರಾಬರ್ಟ್ ಅಟ್ಕಿನ್ಸ್ ಪಿಷ್ಟ ಬಿಡಿ ಎಂದಾಗ ಅದು ಹೊಸದಾಗಿ ಕಂಡಿತು. ನೂರು ವರ್ಷಕ್ಕೂ ಹಳೆಯ ಸರಕು ಅದು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ಹೋಲಿಸಿ ನೋಡಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ ಇಳಿದರು, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ. ಗಣನೀಯ ವ್ಯತ್ಯಾಸವಲ್ಲ. ಆದರೆ ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗೂ ಹೆಚ್ಚು ಇಳಿದವರಿದ್ದರು, ತೂಕ ಏರಿದವರೂ ಇದ್ದರು. ಪಥ್ಯದ ಪುಸ್ತಕಗಳನ್ನು ಬರೆಯುವವರು ಮೊದಲನೆಯವರು. ಏರಿದವರ ಬಹಿರಂಗ ಪತ್ರ ಇದುವರೆಗೆ ನನ್ನ ಕೈಗೆ ಸಿಕ್ಕಿಲ್ಲ. ಆಕರಗಳಲ್ಲಿ ಉಳಿಯದ ಅವರ ಬಗ್ಗೆಯೇ ನನಗೆ ಈಗ ಹೆಚ್ಚು ಕುತೂಹಲ.

ಬ್ಯಾಂಟಿಂಗ್ 1878ರಲ್ಲಿ ತೀರಿಕೊಂಡ. ಸ್ವೀಡಿಷ್ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇಂದಿಗೂ 'ಬಾಂಟಾ' ಎನ್ನುತ್ತಾರೆ. ನನ್ನದು ಆರು ಕಿಲೋ ಇಳಿದು ನಾಲ್ಕು ವಾಪಸ್ಸಾಗಿದೆ. ಬಸ್ಸಿನಲ್ಲಿ ಈಗ ಕೂರುತ್ತೇನೆ.